ಔಟ್ ತೆಗಿಯೋದು

ಮೂರನೇ ಸುತ್ತಿನ ಪಟ್ಟಿ ರಾತ್ರಿ ಹನ್ನೊಂದೂವರಿಗೆ ಬಿತ್ತು.
ನಾನು ಬಂಕಾಪುರ ಚೌಕದ ಅಂಗಡಿ ಮಾಳಿಗಿ ಮ್ಯಾಲೆ;
ಕೆಳಗ ಫಕ್ಕೀರಪ್ಪ ಮಾವ
ಯಾರದೋ ಸೈಕಲ್ಲಿನ ಗಾಲಿ ಹಿಡಕೊಂಡು ಕುಂತಿದ್ದ.
ನನ್ನ ಹೆಸರಿನ ಮುಂದ ಕಾಲೇಜು, ಅದರ ಮುಂದ ವಿಭಾಗ.
ವಿಭಾಗದ ಹೆಸರು ಉದ್ದ, ಮೊಬೈಲು ಸಣ್ಣದು,
ಎರಡು ಸಾಲಾಗಿ ಮುರಿದು ನಿಂತಿತ್ತು.
ಮೊದಲನೇ ಸಾಲ ಸಾಕಾತು.
ಎರಡನೇದು ಮುಂಜಾನೆ ಓದಿದೆ.

ಹೋದ ವರ್ಷ ಸಿಕ್ಕದ್ದು ಬ್ಯಾರೆ.
ತಗೋ, ಚಲೋನ ಐತಿ, ಕೈ ಹೊಲಸಾಗೂದಿಲ್ಲ, ಅಂದ್ರು ಎಲ್ಲಾರೂ.
ನಾ ಬಿಟ್ಟೆ. ಠೇವಣಿ ಮುಳುಗ್ತು.
ಅವ್ವನ ಬೋರಮಾಳ ಸರ ಬ್ಯಾಂಕಿನ ಕಪಾಟಿನ್ಯಾಗ
ಇನ್ನೊಂದು ವರ್ಷ ಮಲಗಿತು.
ಮಗ್ಗಲ ಮನಿ ನೀಲವ್ವ ಕೇಳಿದ್ಲು:
ಮತ್ತೇನ ಓದ್ತೀಯವಾ,
ಇರೂದ ಮೂವತ್ತೆರಡು?

ಕೇಶ್ವಾಪುರದ ಕ್ಲಿನಿಕ್ಕಿನ್ಯಾಗ ತಿಂಗಳಿಗೆ ಹನ್ನೆರಡು ಸಾವಿರ.
ಹುಳುಕು ತುಂಬಿದೆ, ಬೇರಿನ ನರ ತೆಗೆದೆ,
ಗುಟ್ಕಾದ ಕರಿ ಕೆರೆದೆ ಕೆರೆದೆ ಕೆರೆದೆ.
ಭಾನುವಾರಕ್ಕೊಮ್ಮೆ ಬೆಳಗಾವಿಯಿಂದ ಆರ್ಥೋ ಸರ್ ಬರ್ತಿದ್ರು:
ಲೈಟ್ ಸರಿಸು, ಪ್ಲೈಯರ್ ಕೊಡು, ಅದಲ್ಲ, ಇನ್ನೊಂದು.
ಅವರು ಕತ್ತರಿಸಿ ಒಗೆದ ತಾರಿನ ತುದಿ
ನಾನು ಟ್ರೇದಾಗಿಂದ ಆರಿಸಿಕೊಂಡು ಬರ್ತಿದ್ದೆ.
ರಾತ್ರಿ ಅವನ್ನ ಬಗ್ಗಿಸಿ ಬಗ್ಗಿಸಿ ಕೊಂಡಿ ಮಾಡಿದ್ರ
ಮಾವ ಕನ್ನಡಕ ಏರಿಸಿ ನೋಡಿ ನಕ್ಕ:
ಇದು ತಾರ ಅಲ್ಲ ತಂಗಿ, ಕೂದಲ.

ಓದಿದ್ದೆಲ್ಲಾ ಚಿಗರಿ ಬಸ್ಸಿನ್ಯಾಗ ನಿಂತು.
ಉಣಕಲ್ಲಿಗೆ ಕೆಳದವಡಿ,
ಭೈರಿದೇವರಕೊಪ್ಪಕ್ಕ ನಾಲಿಗಿಯ ನರ,
ನವನಗರ ಬರೂದ್ರಾಗ ಎರಡೂ ಮರ್ತು ಹೋಗಿ
ಕಿಟಕಿಯ ಹೊರಗ ಬರೇ ಧೂಳು, ಬರೇ ಬೋರ್ಡು.

ಯಾಕ ಅದ ಬೇಕು ಅಂತ ಯಾರಿಗೂ ಹೇಳಿರಲಿಲ್ಲ.
ಬಿಡಿಎಸ್ ಕಡೇ ವರ್ಷ ಒಬ್ಬ ಹುಡುಗ ಬಂದಿದ್ದ,
ಗದಗಿನ ಬ್ಯಾಂಡ್ ಕಂಪನಿಯವ, ಕ್ಲಾರಿನೆಟ್ ಊದಾಂವ.
ಮುಂದಿನ ಎರಡು ಹಲ್ಲಿನ ನಡುವ ಒಂದು ಬಾಗಿಲ.
ಕುರ್ಚಿ ಮ್ಯಾಲೆ ಅಂಗಾತ ಮಲಗಿ
ಮಾಡು ನೋಡ್ತಾ ಕೇಳಿದ:
ಈ ಸಂದು ಮುಚ್ಚಿದ್ರ ನನ್ನ ಸೂರು ಬದಲಾಗತೈತೇನ್ರಿ?
ಎಲ್ಲಾರೂ ನಕ್ಕರು. ನಾನೂ ನಕ್ಕೆ.
ಅವ ಮತ್ತ ಬರಲಿಲ್ಲ.
ಯಾವ ಪುಸ್ತಕದಾಗೂ ಅದಕ್ಕ ಉತ್ತರ ಇರಲಿಲ್ಲ,
ಹುಡುಕಿದೆ.

ಇದ್ದದ್ದು ಇಷ್ಟು:
ಒಂದು ಹಲ್ಲು ವಾಲಿಸಲಿಕ್ಕೆ ಸಣ್ಣ ಲಿಂಬಿಹಣ್ಣಿನ ಭಾರ ಸಾಕು.
ಮುಂದಿನ ಎಲಬು ಕರಗಿ ಹಾದಿ ಬಿಡಬೇಕು,
ಹಿಂದಿನ ಎಲಬು ಹುಟ್ಟಿ ಜಾಗ ತುಂಬಬೇಕು.
ಅವಸರ ಮಾಡಿದ್ರ ಬೇರ ಸವೀತೈತಿ.
ತಾರು ಬಿಚ್ಚಿದ ಮ್ಯಾಲೂ ಹಲ್ಲಿಗೆ ಹಳೇ ಜಾಗದ ನೆನಪು ಹೋಗೂದಿಲ್ಲ,
ರಾತ್ರಿ ರಾತ್ರಿ ಹೊಳ್ಳಿ ಬರಲಿಕ್ಕೆ ನೋಡತೈತಿ.

ಕೆಳಗ ಇಳಿದು ಹೋದೆ.
ಮಾವ ಗಾಲಿ ಕವೆಗೆ ಸಿಗಿಸಿ ತಿರುವ್ತಿದ್ದ,
ರಿಮ್ಮಿನ ಅಂಚಿಗೆ ಸುಣ್ಣದ ಕಡ್ಡಿ ಹಿಡಿದು.
ಔಟ್ ಇದ್ದಲ್ಲಿ ಅಷ್ಟ ಬಿಳಿ ಹತ್ತತೈತಿ.
ಸಿಕ್ತು ಮಾವಾ, ಅಂದೆ.
ಯಾವುದು?
ಹಲ್ಲು ಸಾಲಿಗೆ ತರೂದು.
ತಲಿ ಎತ್ತಲಿಲ್ಲ.
ಮುಂದಿನ ಗಾಲಿಗೆ ಮೂವತ್ತೆರಡ ಕಡ್ಡಿ,
ಹಿಂದಿನದಕ್ಕ ನಲವತ್ತು, ಅಂದ.
ಆಮ್ಯಾಲೆ ಫೀ ಎಷ್ಟು ಅಂತ ಕೇಳಿದ.

ಹೇಳಿದೆ.

ಗಾಲಿ ತನ್ನಷ್ಟಕ್ಕ ತಿರುಗ್ತಾ ಇತ್ತು.
ಮೊದಲ ಕಡ್ಡಿ ಕಾಣತಿರಲಿಲ್ಲ,
ಆಮ್ಯಾಲೆ ಮಸಕು,
ಆಮ್ಯಾಲೆ ಒಂದೊಂದ, ಒಂದೊಂದ.
ನಿಲ್ಲೂತನಕ ಇಬ್ಬರೂ ಮಾತಾಡಲಿಲ್ಲ.
ಚೌಕದಾಗ ಕಡೇ ಆಟೋದಾಂವ ಬಾಡಿಗಿ ಇಲ್ಲಾ ಅಂತ ಹೊಂಟ.

ಇನ್ನೂ ಒಂದ ಕಡೆ ತಾಗತೈತಿ ನೋಡು, ಅಂದ ಮಾವ.
ತಾಗಿದ್ದನ್ನ ಮುಟ್ಟಬ್ಯಾಡ. ಎದುರಿಂದು ಬಿಗಿ ಮಾಡು.
ಅರ್ಧ ಸುತ್ತು, ಹೆಚ್ಚಿಲ್ಲ.
ಕೀಲಿ ನನ್ನ ಕೈಯಾಗಿಟ್ಟು
ಬೀಡಿ ಹುಡುಕಲಿಕ್ಕೆ ಒಳಗ ಹೋದ.

ನಾನು ಎದುರಿಂದು ಯಾವುದು ಅಂತ
ಎಣಸಲಿಕ್ಕೆ ಹತ್ತಿದೆ.